ರೋಮ್‌ನ ಬಿಟ್ಟ ಜಾಗಗಳಲ್ಲಿ ನಡೆದವರು: ಸ್ಟಾಲ್ಕರ್ ತಂಡ ಮತ್ತು ಸೈಕೋಜಿಯಾಗ್ರಫಿ

1995ರ ಅಕ್ಟೋಬರ್ 5ರಂದು ರೋಮ್‌ನ ವಿನ್ಯಾ ಕ್ಲಾರಾ ರೈಲು ನಿಲ್ದಾಣದಲ್ಲಿ ಒಂದಷ್ಟು ಯುವಕ ಯುವತಿಯರು ಸೇರಿದರು. ಅವರಲ್ಲಿ ಹೆಚ್ಚಿನವರು ಆರ್ಕಿಟೆಕ್ಚರ್ ಓದಿದವರು. ಅಲ್ಲಿ ಹಿಡಿಯಲು ರೈಲೇ ಇರಲಿಲ್ಲ. 1990ರ ಫುಟ್‌ಬಾಲ್ ವಿಶ್ವಕಪ್‌ಗೆಂದು ಕಟ್ಟಿ, ಕೆಲವೇ ದಿನ ಬಳಸಿ, ಆಮೇಲೆ ಮುಚ್ಚಿಬಿಟ್ಟಿದ್ದ ನಿಲ್ದಾಣ ಅದು. ಅಲ್ಲಿಂದ ಹೊರಟವರು ಐದು ದಿನ, ನಾಲ್ಕು ರಾತ್ರಿ ರೋಮ್ ಸುತ್ತ ಕಾಲ್ನಡಿಗೆಯಲ್ಲೇ ಒಂದು ಸುತ್ತು ಹಾಕಿದರು. ದೂರ ಸುಮಾರು 60 ಕಿಲೋಮೀಟರ್.

ರೋಮ್ ಅಂದ ಕೂಡಲೇ ನಮಗೆ ಕೊಲೊಸಿಯಂ, ವ್ಯಾಟಿಕನ್, ಕಾರಂಜಿಗಳು ನೆನಪಾಗುತ್ತವೆ, ಅಲ್ವಾ? ಇವರು ಅದ್ಯಾವುದರ ಹತ್ತಿರವೂ ಸುಳಿಯಲಿಲ್ಲ. ಹಳೆಯ ಊರಿಗೂ ಹೊರವರ್ತುಲ ರಸ್ತೆಗೂ ನಡುವೆ ಅಲ್ಲಲ್ಲಿ ಉಳಿದುಹೋದ ಬಿಟ್ಟ ಜಾಗಗಳೇ ಅವರ ದಾರಿ. ರೈಲು ಹಳಿ ಪಕ್ಕದ ನೆಲ, ನದಿ ದಂಡೆಯ ಜೊಂಡು, ಪಾಳುಬಿದ್ದ ಕಾರ್ಖಾನೆ, ಹೆದ್ದಾರಿಯ ಕೆಳಗಿನ ಬಯಲು, ಅರ್ಧಕ್ಕೆ ನಿಂತ ಕಟ್ಟಡ. ಬೇಲಿ ಬಂದರೆ ನುಸುಳಿದರು, ಗೋಡೆ ಬಂದರೆ ಹತ್ತಿ ಇಳಿದರು. ಕತ್ತಲಾದ ಕಡೆ ಬಯಲಲ್ಲೇ ಮಲಗಿದರು. ಖಾಲಿ ಅಂತ ನಕ್ಷೆ ಹೇಳುವ ಆ ನೆಲ ಖಾಲಿ ಇರಲಿಲ್ಲ. ಅಲ್ಲಿ ಕುರಿ ಮೇಯಿಸುವವರಿದ್ದರು. ಯಾರನ್ನೂ ಕೇಳದೆ ತರಕಾರಿ ಬೆಳೆಯುವವರಿದ್ದರು. ತಗಡು, ಹಲಗೆಯಲ್ಲಿ ಗೂಡು ಕಟ್ಟಿಕೊಂಡ ವಲಸಿಗರಿದ್ದರು.

ಈ ತಂಡದ ಹೆಸರು ಸ್ಟಾಲ್ಕರ್. ರಷ್ಯಾದ ನಿರ್ದೇಶಕ ತಾರ್ಕೋವ್ಸ್ಕಿಯ 1979ರ 'ಸ್ಟಾಲ್ಕರ್' ಸಿನಿಮಾದಲ್ಲಿ, ಕಾವಲಿರುವ ನಿಷಿದ್ಧ ವಲಯವೊಂದಕ್ಕೆ ಜನರನ್ನು ಗುಟ್ಟಾಗಿ ಕರೆದೊಯ್ಯುವ ದಾರಿಗನಿಗೆ ಇರುವ ಹೆಸರು ಅದು. ತಂಡದವರಲ್ಲಿ ಹಲವರು ಮೊದಲು ಒಟ್ಟಾದದ್ದು 1990ರ ವಿದ್ಯಾರ್ಥಿ ಚಳವಳಿಯಲ್ಲಿ. ಆ ಚಳಿಗಾಲದಲ್ಲಿ ರೋಮ್ ಅಂಚಿನಲ್ಲಿ ಕರಿ ಚಿರತೆಯೊಂದು ಅಡ್ಡಾಡುತ್ತಿದೆ ಎಂಬ ಸುದ್ದಿ ಹಬ್ಬಿತ್ತು. ಯಾರ ಕೈಗೂ ಸಿಗದ ಆ ಚಿರತೆಯ ಹೆಸರನ್ನೇ ವಿದ್ಯಾರ್ಥಿಗಳು ತಮ್ಮ ಚಳವಳಿಗೆ ಇಟ್ಟುಕೊಂಡರು. ಲೊರೆಂಜೊ ರೊಮಿಟೊ ಮತ್ತು ಫ್ರಾನ್ಸೆಸ್ಕೊ ಕರೇರಿ ಸ್ಟಾಲ್ಕರ್ ತಂಡದಲ್ಲಿ ಹೆಚ್ಚು ಕೇಳಿಬರುವ ಎರಡು ಹೆಸರುಗಳು.

ಐದು ದಿನದ ಆ ನಡಿಗೆಯನ್ನು ಅವರು ಕಲೆ ಎಂದೇ ಕರೆದರು. ಬಣ್ಣ ಇಲ್ಲ, ಶಿಲೆ ಇಲ್ಲ, ಗ್ಯಾಲರಿ ಇಲ್ಲ. ಸುಮ್ನೆ ನಡೆದರೆ ಅದು ಹೇಗೆ ಕಲೆಯಾಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಬೇಕೆಂದರೆ ಇನ್ನೂ 40 ವರ್ಷ ಹಿಂದಿನ ಪ್ಯಾರಿಸ್‌ಗೆ ಹೋಗಬೇಕು.

ಬೀದಿ ನಮ್ಮನ್ನು ನಡೆಸುತ್ತದೆ

ನಾವು ದಿನಾ ಓಡಾಡುವ ಬೀದಿಗಳನ್ನೇ ನೆನಪಿಸಿಕೊಳ್ಳಿ. ಒಂದು ಕಡೆ ಕಾರಣವಿಲ್ಲದೆ ಹೆಜ್ಜೆ ಬಿರುಸಾಗುತ್ತದೆ. ಇನ್ನೊಂದು ಕಡೆ ತಾನಾಗಿ ನಿಧಾನವಾಗುತ್ತದೆ. ದೊಡ್ಡ ರಸ್ತೆಯೊಂದನ್ನು ದಾಟುವ ಕಷ್ಟಕ್ಕೆ ಆಚೆ ಬದಿಯ ಬಡಾವಣೆಯನ್ನು ವರ್ಷಗಟ್ಟಲೆ ನೋಡದೇ ಇರುತ್ತೇವೆ. ಒಂದು ಗೇಟಿನ ಮುಂದೆ ಯಾರೂ ತಡೆಯದಿದ್ದರೂ ಒಳಗೆ ಹೋಗಲು ಮನಸ್ಸು ಹಿಂಜರಿಯುತ್ತದೆ. ಇದೆಲ್ಲ ನಮ್ಮ ಸ್ವಭಾವ ಅಂತ ಅಂದುಕೊಂಡಿರುತ್ತೇವೆ. ಇದರಲ್ಲಿ ಊರಿನ ಪಾಲೆಷ್ಟು ಎಂದು ಹುಡುಕುವುದೇ ಸೈಕೋಜಿಯಾಗ್ರಫಿ. ಮನೋಭೂಗೋಳ ಅಂತಲೂ ಅನ್ನಬಹುದು. 1955ರಲ್ಲಿ ಪ್ಯಾರಿಸ್‌ನ ಬರಹಗಾರ ಗೀ ದೆಬೋರ್ ಇದಕ್ಕೆ ಕೊಟ್ಟ ವಿವರಣೆ ಹೆಚ್ಚುಕಡಿಮೆ ಹೀಗಿದೆ: ಸುತ್ತಲಿನ ಜಾಗ, ಅದನ್ನು ಯಾರೋ ಯೋಜಿಸಿ ಕಟ್ಟಿದ್ದಿರಲಿ ಇಲ್ಲದಿರಲಿ, ಮನುಷ್ಯರ ಭಾವನೆ ಮತ್ತು ನಡವಳಿಕೆಯ ಮೇಲೆ ಬೀರುವ ಪರಿಣಾಮದ ನಿಖರ ಅಧ್ಯಯನ.

ದೆಬೋರ್ ಆಗ 20ರ ಹರೆಯದ ಹುಡುಗ. 'ಲೆಟ್ರಿಸ್ಟ್ ಇಂಟರ್‌ನ್ಯಾಷನಲ್' ಎಂಬ, ಬರಹಗಾರರು ಕಲಾವಿದರ ಪುಟ್ಟ ಗುಂಪಿನಲ್ಲಿದ್ದ. 1957ರಲ್ಲಿ ಇಟಲಿಯ ಕೊಸಿಯೊ ದಾರೋಶಾ ಎಂಬ ಬೆಟ್ಟದ ಹಳ್ಳಿಯಲ್ಲಿ ಕೆಲವು ಕಲಾವಿದರ ಜೊತೆ ಸೇರಿ ಇವರು 'ಸಿಚುಯೇಷನಿಸ್ಟ್ ಇಂಟರ್‌ನ್ಯಾಷನಲ್' ಕಟ್ಟಿದರು. ಅದು 1972ರ ತನಕ ಇತ್ತು. ಜಗತ್ತಿನಲ್ಲಿ ಇವತ್ತು ನಡಿಗೆಯನ್ನೇ ಕಲೆಯಾಗಿ ಮಾಡುವ ಹಲವು ತಂಡಗಳು ಒಂದಲ್ಲ ಒಂದು ರೀತಿ ಈ ಗುಂಪಿಗೆ ಋಣಿ.

ಅವರಿಗೆ ಸಿಟ್ಟು ತರಿಸಿದ ಒಂದು ನಕ್ಷೆಯ ಕಥೆ ಇದೆ. ಪಾಲ್-ಹೆನ್ರಿ ಶೊಂಬಾರ್ ದ ಲೋವ್ ಎಂಬ ಸಮಾಜಶಾಸ್ತ್ರಜ್ಞ 1952ರಲ್ಲಿ ಪ್ಯಾರಿಸ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ. ಅದರಲ್ಲಿ ನಗರದ 16ನೇ ವಿಭಾಗದಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಇಡೀ ವರ್ಷ ಎಲ್ಲೆಲ್ಲಿ ಓಡಾಡಿದಳು ಎಂದು ಗೆರೆ ಎಳೆದು ತೋರಿಸಿದ್ದ. ಗೆರೆಗಳೆಲ್ಲ ಸೇರಿ ಒಂದು ಸಣ್ಣ ತ್ರಿಕೋನವಾಗಿತ್ತು. ಒಂದು ಮೂಲೆಯಲ್ಲಿ ಕಾಲೇಜು, ಇನ್ನೊಂದರಲ್ಲಿ ಮನೆ, ಮೂರನೆಯದರಲ್ಲಿ ಪಿಯಾನೊ ಕಲಿಸುವವರ ಮನೆ. ಅಷ್ಟು ದೊಡ್ಡ ಪ್ಯಾರಿಸ್ ಅವಳ ಪಾಲಿಗೆ ಅಷ್ಟೇ. ಒಂದು ಬದುಕು ಇಷ್ಟು ಇಕ್ಕಟ್ಟಾಗಬಹುದೇ ಎಂದು ದೆಬೋರ್ ಕೆರಳಿದ. ನಮ್ಮಲ್ಲಿ ಬಹಳ ಜನರ ಫೋನು ದಿನಾ ಇಂಥದ್ದೇ ಒಂದು ತ್ರಿಕೋನವನ್ನು ಬರೆದಿಟ್ಟುಕೊಳ್ಳುತ್ತಿರುತ್ತದೆ.

ಆ ತ್ರಿಕೋನದಿಂದ ಹೊರಬರಲು ಇವರು ಕಂಡುಕೊಂಡ ಅಭ್ಯಾಸದ ಹೆಸರು 'ದೆರೀವ್'. ಕೆಲಸ, ಸಾಮಾನು ಖರೀದಿ, ನೆಂಟರ ಮನೆ ಹೀಗೆ ರಸ್ತೆಗೆ ಇಳಿಯಲು ನಮಗಿರುವ ಕಾರಣಗಳನ್ನೆಲ್ಲ ಒಂದು ದಿನದ ಮಟ್ಟಿಗೆ ಬಿಟ್ಟುಬಿಡಬೇಕು. ಬೀದಿ ಎತ್ತ ಎಳೆಯುತ್ತದೋ ಅತ್ತ ನಡೆಯಬೇಕು. ಸಿಕ್ಕವರ ಜೊತೆ ಮಾತಾಡಬೇಕು. ನೋಡಲು ಇದು ಅಲೆದಾಟದಂತೆಯೇ ಇರುತ್ತದೆ. ಆದರೆ ಮನಸ್ಸು ಪೂರ್ತಿ ಎಚ್ಚರದಲ್ಲಿರಬೇಕು. ಎಲ್ಲಿ ವಾತಾವರಣ ಬದಲಾಯಿತು, ಯಾವ ತಿರುವು ಒಳಗೆ ಸೆಳೆಯಿತು, ಯಾವುದು ಹಿಂದಕ್ಕೆ ತಳ್ಳಿತು ಎಂದು ಗಮನಿಸುತ್ತಾ ಹೋಗಬೇಕು. ನಗರದಲ್ಲೂ ಸೆಳವುಗಳಿವೆ, ಸುಳಿಗಳಿವೆ, ಕೆಲವು ವಲಯಗಳು ಒಳಗೆ ಬರಲೂ ಬಿಡುವುದಿಲ್ಲ, ಹೊರಗೆ ಹೋಗಲೂ ಬಿಡುವುದಿಲ್ಲ ಎಂದು ದೆಬೋರ್ ಬರೆದ.

1956ರಲ್ಲಿ ಪ್ರಕಟವಾದ ಅವನ ಲೇಖನದಲ್ಲಿ ಇದರ ಕ್ರಮವೂ ಇದೆ. ಒಬ್ಬರೇ ಹೋಗಬಹುದು. ಆದರೆ ಇಬ್ಬರು ಮೂವರ ಸಣ್ಣ ಸಣ್ಣ ಗುಂಪುಗಳಾಗಿ ಹೋಗಿ ಆಮೇಲೆ ಕಂಡದ್ದನ್ನು ಹೋಲಿಸಿ ನೋಡುವುದು ಜಾಸ್ತಿ ಫಲ ಕೊಡುತ್ತದೆ. ಈ ಸಲಹೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಒಬ್ಬರಿಗೆ ಒಂದು ಓಣಿ ಭಾರ ಅನ್ನಿಸಿದರೆ ಅದು ಅವರ ಆ ದಿನದ ಬೇಸರ ಇರಬಹುದು. ಬೇರೆ ಬೇರೆ ಹೋದ ಮೂರು ಗುಂಪಿಗೂ ಹಾಗೇ ಅನ್ನಿಸಿದರೆ ಆ ಓಣಿಯಲ್ಲೇ ಏನೋ ಇದೆ. ದೆರೀವ್‌ನ ಸರಾಸರಿ ಅವಧಿ ಒಂದು ದಿನ, ಅಂದರೆ ಒಂದು ನಿದ್ದೆಯಿಂದ ಇನ್ನೊಂದು ನಿದ್ದೆಯ ತನಕ. ಗುಡುಗು ಸಿಡಿಲಿನ ಮಳೆ ಇದಕ್ಕೆ ಒಳ್ಳೆಯದೇ, ಬಿಡದೆ ಹಿಡಿದ ಮಳೆಯಲ್ಲಿ ಮಾತ್ರ ಆಗದು ಎಂದೂ ಅವನು ಬರೆದಿದ್ದಾನೆ. ತುಂಬಾ ದೂರ ಹೋಗಲೇಬೇಕೆಂದಿಲ್ಲ. ಪ್ಯಾರಿಸ್‌ನ ಸೇಂಟ್-ಲಜಾರ್ ರೈಲು ನಿಲ್ದಾಣದಿಂದ ಹೊರಗೆ ಬರದೆ ಇಡೀ ದಿನ ಅಲ್ಲೇ ಕಳೆಯುವುದೂ ದೆರೀವ್. ಅವನ ಗೆಳೆಯನೊಬ್ಬ ಲಂಡನ್ ನಕ್ಷೆ ಹಿಡಿದು ಜರ್ಮನಿಯ ಹಾರ್ಟ್ಸ್ ಪ್ರದೇಶದಲ್ಲಿ ದಾರಿ ಹುಡುಕುತ್ತಾ ನಡೆದಿದ್ದನಂತೆ.

ಇನ್ನೊಂದು ಆಟವೂ ಇದೆ. ಇಂಥ ಹೊತ್ತಿಗೆ ಇಂಥ ಜಾಗಕ್ಕೆ ಒಬ್ಬನೇ ಹೋಗು ಎಂದು ಒಬ್ಬನಿಗೆ ಹೇಳುತ್ತಾರೆ. ಅಲ್ಲಿ ಯಾರನ್ನು ಭೇಟಿ ಮಾಡಬೇಕು ಎಂದು ಹೇಳುವುದಿಲ್ಲ. ಬಹುಶಃ ಯಾರೂ ಬರುವುದಿಲ್ಲ. ಆದರೆ ಬರಬಹುದು ಎಂದು ಕಾಯುವವನು ಸುತ್ತಲಿನ ಪ್ರತಿ ಮುಖವನ್ನೂ ನೋಡುತ್ತಾನೆ, ಯಾರನ್ನೋ ಮಾತಾಡಿಸುತ್ತಾನೆ. ದಿನಾ ಹಾದುಹೋಗುವ ಚೌಕವನ್ನು ಮೊದಲ ಸಲ ನಿಂತು ನೋಡುತ್ತಾನೆ.

ನಡೆದು ತಿಳಿದದ್ದನ್ನು ಅವರು ನಕ್ಷೆಯಾಗಿಯೂ ಮಾಡಿದರು. 1957ರಲ್ಲಿ ದೆಬೋರ್, ಡೆನ್ಮಾರ್ಕಿನ ಚಿತ್ರಕಾರ ಆಸ್ಗರ್ ಯೋರ್ನ್ ಜೊತೆ ಸೇರಿ 'ದಿ ನೇಕೆಡ್ ಸಿಟಿ' ಎಂಬ ನಕ್ಷೆ ತಯಾರಿಸಿದ. ಮಾಮೂಲಿ ಪ್ಯಾರಿಸ್ ನಕ್ಷೆಯಿಂದ 19 ತುಂಡು ಕತ್ತರಿಸಿ, ಬಿಳಿ ಹಾಳೆಯ ಮೇಲೆ ದೂರ ದೂರ ಅಂಟಿಸಿ, ನಡುವೆ ಕೆಂಪು ಬಾಣಗಳನ್ನು ಎಳೆದಿದ್ದಾನೆ. ಒಂದೊಂದು ತುಂಡೂ ಒಂದೇ ಬಗೆಯ ವಾತಾವರಣ ಇರುವ ಪ್ರದೇಶ. ಬಾಣ ಅಂದರೆ ನಡೆಯುವವರು ಒಂದರಿಂದ ಇನ್ನೊಂದಕ್ಕೆ ಸಹಜವಾಗಿ ಹೊರಳುವ ದಿಕ್ಕು. ಇದರಲ್ಲಿ ಕಿಲೋಮೀಟರ್ ಲೆಕ್ಕ ಇಲ್ಲ. ನಿಜವಾದ ನಕ್ಷೆಯಲ್ಲಿ ಅಂಟಿಕೊಂಡಿರುವ ಎರಡು ಪ್ರದೇಶ ಇಲ್ಲಿ ದೂರ ಇರಬಹುದು, ಏಕೆಂದರೆ ಅವುಗಳ ನಡುವೆ ಯಾರೂ ನಡೆಯುವುದೇ ಇಲ್ಲ.

ಚಿತ್ರಗಳು ಬಾರ್‌ಗೆ, ದೀಪದ ಸ್ವಿಚ್ ಜನರಿಗೆ

ಇದಕ್ಕೂ ಸಾರ್ವಜನಿಕ ಕಲೆಗೂ ಏನು ಸಂಬಂಧ? 1955ರ ಅಕ್ಟೋಬರ್‌ನಲ್ಲಿ ದೆಬೋರ್‌ನ ಲೆಟ್ರಿಸ್ಟ್ ಗುಂಪು ತನ್ನ 'ಪೊಟ್‌ಲಾಚ್' ಪತ್ರಿಕೆಯಲ್ಲಿ ಪ್ಯಾರಿಸ್ ನಗರವನ್ನು ಸುಧಾರಿಸಲು ಕೆಲವು ಸಲಹೆಗಳನ್ನು ಪ್ರಕಟಿಸಿತು. ರಾತ್ರಿ ರೈಲು ನಿಂತ ಮೇಲೆ ಮೆಟ್ರೊ ಸುರಂಗಗಳನ್ನು ನಡೆಯುವವರಿಗೆ ತೆರೆಯಬೇಕು. ಮನೆಗಳ ಮೇಲ್ಛಾವಣಿಗಳ ಮೇಲೆ ಓಡಾಡಲು ದಾರಿ ಮಾಡಬೇಕು. ಪಾರ್ಕುಗಳಿಗೆ ರಾತ್ರಿ ಬೀಗ ಹಾಕಬಾರದು. ಬೀದಿ ದೀಪಗಳಿಗೆಲ್ಲ ಸ್ವಿಚ್ ಹಾಕಿ, ಬೇಕೋ ಬೇಡವೋ ಎಂದು ಜನರೇ ನಿರ್ಧರಿಸುವಂತೆ ಆಗಬೇಕು. ಮ್ಯೂಸಿಯಂಗಳನ್ನು ಮುಚ್ಚಿ, ಅಲ್ಲಿನ ದೊಡ್ಡ ದೊಡ್ಡ ಚಿತ್ರಗಳನ್ನು ಬಾರ್‌ಗಳಲ್ಲಿ, ವಲಸಿಗರು ಕೂರುವ ಕೆಫೆಗಳಲ್ಲಿ ತೂಗುಹಾಕಬೇಕು.

ಓದಿದಾಗ ತುಂಟತನ ಅನ್ನಿಸುತ್ತದೆ. ಆದರೆ ಒಂದೊಂದನ್ನೂ ನಿಧಾನವಾಗಿ ಯೋಚಿಸಿದರೆ ಅದರ ಹಿಂದಿನ ಪ್ರಶ್ನೆ ಗಟ್ಟಿಯಾಗಿದೆ. ಬೀದಿ ದೀಪ ಯಾವಾಗ ಉರಿಯಬೇಕು, ಪಾರ್ಕಿನ ಬೀಗ ಯಾರ ಕೈಯಲ್ಲಿರಬೇಕು ಎಂದು ಊರಿನವರನ್ನು ಯಾರೂ ಕೇಳುವುದಿಲ್ಲ. ಸಾರ್ವಜನಿಕ ಕಲೆ ಎಂದರೆ ನಾವು ಸಾಮಾನ್ಯವಾಗಿ ವೃತ್ತದಲ್ಲಿ ನಿಲ್ಲಿಸಿದ ಪ್ರತಿಮೆ, ಮೇಲ್ಸೇತುವೆಯ ಕಂಬಕ್ಕೆ ಬಳಿದ ಬಣ್ಣ ಅಂದುಕೊಳ್ಳುತ್ತೇವೆ. ಆ ವೃತ್ತವನ್ನು, ಆ ಕಂಬದ ಕೆಳಗಿನ ಜಾಗವನ್ನು ಯಾರು ಹೇಗೆ ಬಳಸಬಹುದು ಎಂಬುದನ್ನೇ ಬದಲಾಯಿಸಲು ಹೊರಟವರು ಇವರು. ಇವರ ಕೈಯಲ್ಲಿ ಕಲೆಯ ಸಾಮಗ್ರಿ ನಗರವೇ.

ನಡೆಯಲು ಬಿಡದ ಊರು

ಇನ್ನು ಹೇಳಬೇಕಾದ ಒಂದು ಘಟನೆ ಇದೆ. ಇಡೀ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ಪ್ಯಾರಿಸ್ ನಡುಮಧ್ಯೆ ಲೆ ಆಲ್ ಎಂಬ ದೊಡ್ಡ ಸಗಟು ಮಾರುಕಟ್ಟೆ ಇತ್ತು. ತರಕಾರಿ, ಮಾಂಸ, ಹೂವು ಎಲ್ಲ ಅಲ್ಲಿಗೇ ಬರುತ್ತಿತ್ತು. ಊರು ಮಲಗಿದ ಮೇಲೆ ಅದು ಏಳುತ್ತಿತ್ತು. ಅಬ್ದೆಲ್‌ಹಫೀದ್ ಖತೀಬ್ ಎಂಬ ಸಿಚುಯೇಷನಿಸ್ಟ್ ಗುಂಪಿನ ಸದಸ್ಯ ಅದರ ಮನೋಭೂಗೋಳವನ್ನು ಬರೆಯಲು ಹೊರಟ. 1958ರ ಡಿಸೆಂಬರ್‌ನಲ್ಲಿ ಗುಂಪಿನ ಪತ್ರಿಕೆಯಲ್ಲಿ ಅವನ ಲೇಖನ ಬಂತು. ಬೀದಿಗಳಲ್ಲಿ ರಾತ್ರಿ ಲಾರಿಗಳೂ ಬುಟ್ಟಿಗಳೂ ತುಂಬಿ ದಾರಿ ಹೇಗೆ ಗಂಟೆಗಂಟೆಗೂ ಬದಲಾಗುತ್ತದೆ ಎಂಬ ವಿವರ ಅದರಲ್ಲಿದೆ. ಆದರೆ ಆ ಅಧ್ಯಯನ ಅರ್ಧಕ್ಕೆ ನಿಂತಿತು. ಏಕೆ ಎಂದು ಕೊನೆಯಲ್ಲಿ ಸಂಪಾದಕರ ಟಿಪ್ಪಣಿ ಹೇಳುತ್ತದೆ. ಫ್ರಾನ್ಸ್ ಆಳ್ವಿಕೆಯಿಂದ ಬಿಡುಗಡೆಗೆ ಉತ್ತರ ಆಫ್ರಿಕಾದ ಅಲ್ಜೀರಿಯಾ ಯುದ್ಧ ನಡೆಸುತ್ತಿದ್ದ ಕಾಲ ಅದು. ಆ ವರ್ಷದ ಸೆಪ್ಟೆಂಬರ್‌ನಿಂದ ಉತ್ತರ ಆಫ್ರಿಕಾದವರು ರಾತ್ರಿ 9.30ರ ನಂತರ ಪ್ಯಾರಿಸ್ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು ಎಂದು ಪೊಲೀಸ್ ಆದೇಶವಾಗಿತ್ತು. ಖತೀಬ್ ಉತ್ತರ ಆಫ್ರಿಕಾ ಮೂಲದವನು. ಎರಡು ಸಲ ಅವನನ್ನು ಹಿಡಿದು ರಾತ್ರಿಯಿಡೀ ಕೂಡಿಹಾಕಿದರು. ಅಲ್ಲಿಗೆ ಅವನು ಆ ಕೆಲಸ ಬಿಟ್ಟ.

ಅದೇ ಬೀದಿ, ಅದೇ ರಾತ್ರಿ. ದೆಬೋರ್ ನಡೆದರೆ ದೆರೀವ್, ಖತೀಬ್ ನಡೆದರೆ ಬಂಧನ. ಸೈಕೋಜಿಯಾಗ್ರಫಿಯನ್ನು ಗುರಿಯಿಲ್ಲದೆ ತಿರುಗುವ ಹವ್ಯಾಸ ಎಂದು ಪರಿಚಯಿಸುವವರು ಈ ಘಟನೆಯನ್ನು ಬಿಟ್ಟೇಬಿಡುತ್ತಾರೆ. ನನ್ನ ಪ್ರಕಾರ ಖತೀಬನ ಅಪೂರ್ಣ ಬರಹವೇ ಆ ಕಾಲದ ಪ್ಯಾರಿಸ್‌ನ ಅತ್ಯಂತ ನಿಖರವಾದ ಮನೋಭೂಗೋಳ. ಊರು ಯಾರಿಗೆ ದಾರಿ ಬಿಡುತ್ತದೆ, ಯಾರನ್ನು ತಡೆಯುತ್ತದೆ ಎಂದು ನಡೆದೇ ಪತ್ತೆ ಮಾಡುವ ವಿಧಾನ ಇದು. ಅದು ಪೂರ್ತಿ ಕೆಲಸ ಮಾಡಿದ್ದು ಅವನು ಸಿಕ್ಕಿಬಿದ್ದ ಆ ಎರಡು ರಾತ್ರಿ. ಲೆ ಆಲ್ ಮಾರುಕಟ್ಟೆಯೂ ಉಳಿಯಲಿಲ್ಲ. 1969ರಲ್ಲಿ ಅದನ್ನು ಊರ ಹೊರಗಿನ ರಂಜಿಸ್‌ಗೆ ಸಾಗಿಸಿದರು, ಆಮೇಲೆ ಕಟ್ಟಡಗಳನ್ನೂ ಕೆಡವಿದರು.

ಇದೇ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಎತ್ತಿದವರು 'ಬ್ಲ್ಯಾಂಕ್ ನಾಯ್ಸ್' ತಂಡದವರು. ಕಲಾವಿದೆ ಜಸ್ಮೀನ್ ಪಥೇಜಾ 2003ರಲ್ಲಿ ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ ಇದನ್ನು ಶುರು ಮಾಡಿದರು. ಪೊಲೀಸ್ ಆದೇಶವೇ ಇಲ್ಲದ ಊರಲ್ಲೂ ಹೆಣ್ಣುಮಕ್ಕಳಿಗೆ ಒಂದು ಕರ್ಫ್ಯೂ ಇರುತ್ತದೆ. ಸುಮ್ನೆ ನಿಲ್ಲಬಾರದು, ಕೆಲಸ ಮುಗಿಸಿ ಬೇಗ ಹೊರಡಬೇಕು, ಬ್ಯಾಗನ್ನು ಎದೆಗೆ ಅವುಚಿಕೊಂಡು ನಡೆಯಬೇಕು. ಇದನ್ನು ಬದಲಾಯಿಸಲು ಅವರು ಮಾಡಿದ ಕೆಲಸಗಳಲ್ಲಿ 'ಮೀಟ್ ಟು ಸ್ಲೀಪ್' ಬಹಳ ಸರಳವಾದದ್ದು. ಹೆಂಗಸರು ಹಗಲಲ್ಲಿ ಪಾರ್ಕಿಗೆ ಹೋಗಿ ಹುಲ್ಲಿನ ಮೇಲೆ ಮಲಗುತ್ತಾರೆ, ಅಷ್ಟೇ. ಕಬ್ಬನ್ ಪಾರ್ಕಿನಲ್ಲಿ ಗಂಡಸರು ಮರದ ಕೆಳಗೆ ಮಲಗಿ ಗೊರಕೆ ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಒಬ್ಬ ಹೆಂಗಸು ಹಾಗೆ ಮಲಗಿದ್ದನ್ನು ನೋಡಿದ್ದು ಎಷ್ಟು ಸಲ? 2012ರಲ್ಲಿ ಯಲಹಂಕದಲ್ಲಿ, ವಿದ್ಯಾರ್ಥಿನಿಯರು ಹೆದರಿ ಕೆಟ್ಟ ಹೆಸರಿಟ್ಟಿದ್ದ ಒಂದು ರಸ್ತೆಯಲ್ಲಿ ಮೇಜು ಕುರ್ಚಿ ಹಾಕಿ, ಚಹಾ ಸಮೋಸಾ ಇಟ್ಟು, ದಾರಿಹೋಕರನ್ನು ಕೂರಿಸಿ ಮಾತಾಡಿಸಿದರು. ಎದುರು ಬದುರು ಅಪರಿಚಿತರು. ಭಯ ಇದ್ದ ಜಾಗದಲ್ಲೇ ಮಾತು. ಇದನ್ನು ಸಾರ್ವಜನಿಕ ಕಲೆ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ನಡಿಗೆಯಿಂದ ಊಟದ ಮೇಜಿಗೆ

ಈಗ ಮತ್ತೆ ರೋಮ್. ಸ್ಟಾಲ್ಕರ್ ತಂಡದವರು ತಮ್ಮ ಐದು ದಿನದ ನಡಿಗೆಯಿಂದ ಒಂದು ನಕ್ಷೆ ಮಾಡಿದರು. ಹೆಸರು 'ಪ್ಲಾನಿಸ್ಫೆರೊ ರೋಮಾ'. ಅದರಲ್ಲಿ ನೀಲಿಯ ನಡುವೆ ಹಳದಿ ತುಂಡುಗಳು ತೇಲುತ್ತವೆ. ರೋಮ್ ಒಂದು ದ್ವೀಪಸಮೂಹದಂತೆ ಕಾಣುತ್ತದೆ. ಕಟ್ಟಡಗಳ ನಡುವಿನ ಬಿಟ್ಟ ಜಾಗವೆಲ್ಲ ಸೇರಿ ಒಂದೇ ಕಡಲು. ದೆಬೋರ್‌ನ 19 ತುಂಡುಗಳ ನೆನಪು ಇಲ್ಲಿ ಸ್ಪಷ್ಟವಾಗಿದೆ. ಆದರೆ ವ್ಯತ್ಯಾಸವೂ ದೊಡ್ಡದು. ಪ್ಯಾರಿಸ್‌ನವರು ನಡೆದದ್ದು ದ್ವೀಪಗಳಲ್ಲಿ, ಅಂದರೆ ಹಳೆಯ ಊರಿನ ಕೆಫೆ, ಓಣಿ, ಚೌಕಗಳಲ್ಲಿ. ರೋಮ್‌ನವರು ಇಳಿದದ್ದು ಕಡಲಿಗೆ.

ಈ ನೋಟದಿಂದ ಒಂದು ದೊಡ್ಡ ಬದಲಾವಣೆ ಆಗುತ್ತದೆ. ನಗರ ಯೋಜನೆ ಮಾಡುವವರಿಗೆ ಖಾಲಿ ಜಾಗ ಅಂದರೆ ಇನ್ನೂ ಕಟ್ಟದ ಜಾಗ. ಅದಕ್ಕೆ ಒಂದು ಬೆಲೆ ಇದೆ, ಬದುಕು ಇಲ್ಲ. ಸ್ಟಾಲ್ಕರ್ ಕಂಡದ್ದು ಬೇರೆ. ಊರಿನ ಒಳಗೆ ಜಾಗ ಸಿಗದ ಜನ, ಗಿಡ, ಪ್ರಾಣಿಗಳೆಲ್ಲ ಈ ಕಡಲಲ್ಲೇ ಬದುಕು ಕಟ್ಟಿಕೊಂಡಿದ್ದವು. ಮುಂದಿನ ಊರು ಹೇಗಿರುತ್ತದೆ ಎಂಬುದರ ಮೊಳಕೆ ಅಲ್ಲಿತ್ತು.

ಆದರೆ ಇಲ್ಲಿ ಒಂದು ಮುಜುಗರದ ಪ್ರಶ್ನೆ ಏಳುತ್ತದೆ. ಬೇಲಿ ಹಾರಿ ಹೋಗಿ, ಯಾರದೋ ತಗಡಿನ ಮನೆ ನೋಡಿ, ಫೋಟೊ ತೆಗೆದು, ನಕ್ಷೆ ಬರೆದು, ಪ್ರದರ್ಶನ ಮಾಡಿದರೆ ಆ ಮನೆಯವರಿಗೆ ಏನು ಸಿಕ್ಕಿತು? ಬಡತನವನ್ನು ನೋಡಿ ಬರುವ ಪ್ರವಾಸಕ್ಕೂ ಇದಕ್ಕೂ ವ್ಯತ್ಯಾಸ ಏನು? ಸೈಕೋಜಿಯಾಗ್ರಫಿ ಹೆಸರಿನಲ್ಲಿ ನಡೆಯುವ ಎಷ್ಟೋ ಕೆಲಸಗಳು ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಸ್ಟಾಲ್ಕರ್ ನನಗೆ ಇಷ್ಟವಾಗುವುದು ಅವರು ನಡೆದದ್ದಕ್ಕಿಂತ, ನಡೆದ ಮೇಲೆ ಒಂದು ಕಡೆ ನಿಂತದ್ದಕ್ಕೆ.

ಅವರು ನಿಂತ ಜಾಗ ಕಾಂಪೊ ಬೊವಾರಿಯೊ. ರೋಮ್‌ನ ಟೆಸ್ಟಾಚೊ ಬಡಾವಣೆಯಲ್ಲಿ, ನದಿ ಪಕ್ಕ, ಹಳೆಯ ಕಸಾಯಿಖಾನೆ ಇದೆ. 1975ರಲ್ಲಿ ಅದು ಮುಚ್ಚಿತು. ದನಗಳನ್ನು ಕಟ್ಟುತ್ತಿದ್ದ ಬಯಲೇ ಕಾಂಪೊ ಬೊವಾರಿಯೊ. 1990ರ ದಶಕದ ಹೊತ್ತಿಗೆ ಅಲ್ಲಿ ಕಲ್ದೆರಾಶಾ ಪಂಗಡದ ರೋಮಾ ಕುಟುಂಬಗಳು ತಮ್ಮ ಗಾಡಿಮನೆಗಳೊಂದಿಗೆ ಇದ್ದವು (ಜಿಪ್ಸಿಗಳೆಂದು ಹೊರಗಿನವರು ಕರೆಯುವ ಸಮುದಾಯ ಇದು, ಹೆಸರಿಗೂ ರೋಮ್ ನಗರಕ್ಕೂ ಸಂಬಂಧವಿಲ್ಲ). ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಕುದುರೆಗಾಡಿಯವರ ಲಾಯಗಳೂ ಅಲ್ಲಿದ್ದವು. 1998ರ ಕೊನೆಯಲ್ಲಿ ಟರ್ಕಿಯ ಕುರ್ದ್ ಜನಾಂಗದ ನಾಯಕ ಅಬ್ದುಲ್ಲಾ ಒಜಲಾನ್ ಆಶ್ರಯ ಕೋರಿ ರೋಮ್‌ಗೆ ಬಂದಾಗ, ಅವನ ಹಿಂದೆ ಬಹಳಷ್ಟು ಕುರ್ದ್ ಜನರೂ ಬಂದರು. ಅವನು ಹೊರಟುಹೋದ, ಜನ ಉಳಿದರು. ಕೊಲೊಸಿಯಂ ಪಕ್ಕದ ಗುಡ್ಡದಲ್ಲಿ ರಟ್ಟಿನ ಡಬ್ಬಗಳ ಗೂಡುಗಳಲ್ಲಿ ಮಲಗುತ್ತಿದ್ದರು.

1999ರಲ್ಲಿ ಯುವ ಕಲಾವಿದರ ಬಿಯೆನಾಲೆಯೊಂದಕ್ಕೆ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನಕ್ಕೆ) ಸ್ಟಾಲ್ಕರ್‌ಗೆ ಆಹ್ವಾನ ಬಂತು. ಅವರು ಪ್ರದರ್ಶನಕ್ಕೆ ವಸ್ತು ಮಾಡುವ ಬದಲು, ಈ ಕುರ್ದ್ ನಿರಾಶ್ರಿತರ ಜೊತೆ ಸೇರಿ ಕಸಾಯಿಖಾನೆಯ ಹಳೆಯ ಪಶುವೈದ್ಯರ ಕಟ್ಟಡಕ್ಕೆ ಹೋದರು. ಕಸ ತೆಗೆದು ಗುಡಿಸಿದರು, ರಿಪೇರಿ ಮಾಡಿದರು, 'ಅರರಾತ್' ಎಂದು ಹೆಸರಿಟ್ಟರು. ಪ್ರಳಯ ಇಳಿದ ಮೇಲೆ ನೋಹನ ಹಡಗು ತಂಗಿತು ಎನ್ನುವ ಬೆಟ್ಟದ ಹೆಸರು ಅದು. ಕೆಳಗೆ ಚಹಾ, ಮಾತು, ಹಬ್ಬ. ಮೇಲೆ ಮಲಗಲು ಜಾಗ. ಒಂದು ದಿನ ಆ ಬಯಲಿನಲ್ಲಿ ದುಂಡಗೆ ದೊಡ್ಡ ಮೇಜು ಹಾಕಿ ಎಲ್ಲರಿಗೂ ಊಟ ಇಟ್ಟರು. ರೋಮಾ ಜನ, ಕುರ್ದರು, ಬಡಾವಣೆಯವರು, ಕಲಾವಿದರು ಒಟ್ಟಿಗೆ ಕೂತು ಉಂಡರು. ಅಕ್ಕಪಕ್ಕದಲ್ಲೇ ಇದ್ದು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದವರು ಇವರು. ಕಲಾ ಇತಿಹಾಸದಲ್ಲಿ ಈ ಊಟಕ್ಕೂ ಒಂದು ಕೃತಿಯ ಸ್ಥಾನ ಇದೆ. ಹೆಸರು 'ಪ್ರಾಂಜೊ ಬೊವಾರಿಯೊ'.

ಅದೇ ಕಟ್ಟಡದಲ್ಲಿ ಕುರ್ದರ ಜೊತೆ ಸೇರಿ ಅವರು 'ಹಾರುವ ಜಮಖಾನೆ'ಯನ್ನೂ ಮಾಡಿದರು. ಸಿಸಿಲಿಯ ಪಲೆರ್ಮೊದಲ್ಲಿ 12ನೇ ಶತಮಾನದ ಒಂದು ರಾಜ ಚರ್ಚ್ ಇದೆ. ಕ್ರೈಸ್ತ ರಾಜ ಕಟ್ಟಿಸಿದ ಆ ಚರ್ಚಿನ ಮರದ ಚಾವಣಿಯಲ್ಲಿರುವುದು ಇಸ್ಲಾಮಿಕ್ ಶೈಲಿಯ ಕುಸುರಿ ಕೆಲಸ. ಆ ಚಾವಣಿಯ ಏರಿಳಿತವನ್ನೇ ಇವರು 40,000ಕ್ಕೂ ಹೆಚ್ಚು ಸೆಣಬಿನ ಹಗ್ಗಗಳನ್ನು, ತುದಿಗೆ ತಾಮ್ರ ಕೂರಿಸಿ, ಬೇರೆ ಬೇರೆ ಉದ್ದಕ್ಕೆ ಇಳಿಬಿಟ್ಟು ಮೂಡಿಸಿದರು. ಅದರ ಕೆಳಗೆ ನಿಂತು ತಲೆಯೆತ್ತಿದರೆ ಚಾವಣಿ ಕಾಣುತ್ತದೆ. ಬಿಚ್ಚಿ ಬೇರೆ ಊರಿಗೆ ಒಯ್ಯಬಹುದು. ಊರು ಬಿಟ್ಟು ಬಂದವರು ಸೇರಿ ಕಟ್ಟಿದ, ಊರೂರು ಸುತ್ತುವ ಚಾವಣಿ ಅದು.

ಎಲ್ಲವೂ ಹೀಗೆ ಕೈಗೂಡಲಿಲ್ಲ. 2004ರ ಸುಮಾರಿಗೆ ಅವರು ರೋಮ್ ಅಂಚಿನ ಕೊರ್ವಿಯಾಲೆಗೆ ಹೋದರು. ಅದು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಒಂದೇ ವಸತಿ ಕಟ್ಟಡ. ಅಂಗಡಿ, ಸೇವೆಗಳಿಗೆ ಎಂದು ಬಿಟ್ಟಿದ್ದ ನಾಲ್ಕನೇ ಮಹಡಿ ಪೂರ್ತಿಯಾಗಲೇ ಇಲ್ಲ. ಮನೆ ಇಲ್ಲದವರು ಅಲ್ಲಿ ತಾವೇ ಗೋಡೆ ಎಬ್ಬಿಸಿಕೊಂಡು ಸೇರಿಕೊಂಡರು. ಪತ್ರಿಕೆಗಳಲ್ಲಿ ಕೊರ್ವಿಯಾಲೆ ಅಂದರೆ ಬರೀ ಅಪರಾಧದ ಸುದ್ದಿ. ಸಮುದ್ರದ ತಂಗಾಳಿ ರೋಮ್‌ಗೆ ಬರದಂತೆ ಆ ಕಟ್ಟಡವೇ ತಡೆಯುತ್ತದೆ ಎಂಬ ದಂತಕಥೆ ಕೂಡ ಇದೆ. ಅಲ್ಲಿನವರ ಜೊತೆ ಸೇರಿ ತಂಡ ಒಂದು ಬಡಾವಣೆ ಟಿವಿ ಶುರು ಮಾಡಿತು, ಆ ಮಹಡಿಯ ಮನೆಗಳನ್ನು ದಾಖಲಿಸಿತು. 2008ರಲ್ಲಿ ಕಸಿಲೀನೊ 900 ಎಂಬ ರೋಮಾ ಶಿಬಿರದಲ್ಲಿ ಅಲ್ಲಿನವರೂ ವಿದ್ಯಾರ್ಥಿಗಳೂ ಸೇರಿ ಎರಡಂತಸ್ತಿನ ಮರದ ಮನೆ ಕಟ್ಟಿದರು. ಸರ್ಕಾರ ಕೊಡುವ ತಗಡಿನ ಕಂಟೇನರ್‌ಗೆ ಬದಲು ಒಂದು ನಿಜವಾದ ಮನೆ ಸಾಧ್ಯ ಎಂದು ತೋರಿಸುವ ಆಸೆ ಅದು. ವರ್ಷ ಮುಗಿಯುವ ಮೊದಲೇ ಅದಕ್ಕೆ ಬೆಂಕಿ ಬಿತ್ತು. 2010ರಲ್ಲಿ ಶಿಬಿರವನ್ನೇ ತೆರವು ಮಾಡಿದರು. ಇಂಥ ಕೆಲಸಕ್ಕೆ ಊರು ಎಷ್ಟು ಅವಕಾಶ ಕೊಡುತ್ತದೆ ಎಂದು ತಿಳಿಯಲು ಈ ಸೋಲಿನ ಕಥೆಯನ್ನೂ ಹೇಳಲೇಬೇಕು.

ಕಾಂಪೊ ಬೊವಾರಿಯೊ ಈಗ ಬಹಳ ಬದಲಾಗಿದೆ. ರೋಮಾ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿದ್ದಾರೆ. ಕಸಾಯಿಖಾನೆಯ ಕಟ್ಟಡಗಳಲ್ಲಿ ಪ್ರದರ್ಶನ ಶಾಲೆಗಳು ಬಂದಿವೆ, ರೋಮಾ ಟ್ರೆ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ವಿಭಾಗವೂ ಬಂದಿದೆ. ಕರೇರಿ ಪಾಠ ಮಾಡುವುದು ಆ ವಿಭಾಗದಲ್ಲೇ. ಅವರ ಕೋರ್ಸಿನಲ್ಲಿ ತರಗತಿ ಅಂದರೆ ನಡಿಗೆ. ವಿದ್ಯಾರ್ಥಿಗಳು ರೋಮ್ ಅಂಚಿನ ಪ್ರದೇಶಗಳಲ್ಲಿ ದಿನಗಟ್ಟಲೆ ನಡೆಯುತ್ತಾರೆ, ಅಲ್ಲಿ ಸಿಕ್ಕವರಿಂದ ಕಲಿಯುತ್ತಾರೆ. ಸಮಯ ಕಳೆದುಕೊಂಡವರು ಜಾಗ ಗಳಿಸುತ್ತಾರೆ ಎಂಬುದು ಆ ಕೋರ್ಸಿನ ಧ್ಯೇಯವಾಕ್ಯ. ಕುರ್ದರ ಅರರಾತ್ ಕೂಡ, ಎಷ್ಟೋ ಸಲ ಅಲುಗಾಡಿದರೂ, ಅಲ್ಲೇ ಉಳಿದಿದೆ.

ನೀವೂ ಇದನ್ನು ಮಾಡಿ ನೋಡಬಹುದು. ಗೆಳೆಯರಲ್ಲಿ ಗಂಡಸರು, ಹೆಂಗಸರು, ಬೇರೆ ಬೇರೆ ವಯಸ್ಸಿನವರು ಇರಲಿ. ಇಬ್ಬರು ಮೂವರ ಗುಂಪು ಮಾಡಿ, ಒಂದೇ ಜಾಗದಿಂದ ಬೇರೆ ಬೇರೆ ದಿಕ್ಕಿಗೆ ಹೊರಡಿ. ಮ್ಯಾಪ್ ಆರಿಸಿಡಿ. ಯಾರದಾದರೂ ಮನೆ ಹತ್ತಿರ ಬಂದರೆ ಮೊದಲು ಮಾತಾಡಿಸಿ, ಫೋಟೊ ಬೇಡ. ಸಂಜೆ ಕೂತು ಒಂದೇ ಹಾಳೆಯ ಮೇಲೆ ನಿಮ್ಮ ನಕ್ಷೆ ಬರೆಯಿರಿ. ಹೆಜ್ಜೆ ನಿಧಾನವಾದ ಕಡೆ ಒಂದು ಗುರುತು, ಬಿರುಸಾದ ಕಡೆ ಇನ್ನೊಂದು, ಹೋಗಬೇಕೆಂದು ಅನ್ನಿಸಿಯೂ ಹಿಂದೆ ಬಂದ ಕಡೆ ಮತ್ತೊಂದು. ಯಾರಾದರೂ ನಿಲ್ಲಿಸಿ "ಯಾರು ನೀವು, ಇಲ್ಲೇನು ಕೆಲಸ?" ಎಂದು ಕೇಳಿದ್ದರೆ ಆ ಜಾಗಕ್ಕೆ ಬೇರೆಯೇ ಬಣ್ಣ ಹಾಕಿ. ಆ ಪ್ರಶ್ನೆ ನಿಮ್ಮಲ್ಲಿ ಯಾರಿಗೆ ಬಂತು, ಯಾರಿಗೆ ಬರಲೇ ಇಲ್ಲ ಎಂದು ಪಕ್ಕದಲ್ಲಿ ಬರೆಯಿರಿ.